ಬೆನ್ನು ತಿರುಗಿಸಿ ಪ್ರಶ್ನೆ ಕೇಳುತ್ತಿದ್ದ ಉಸ್ತಾದರು

ಸಿಂಧನೂರಿನ ಖಬರಸ್ತಾನದಲ್ಲಿ ಅವರಿಗೆ ಮಣ್ಣು ಕೊಟ್ಟು ಹೊರಗೆ ಬಂದಾಗ ಬಾಗಿಲ ಬಳಿ ನಾಲ್ಕಾರು ಜನ ನಿಂತು ಮಾತಾಡುತ್ತಿದ್ದರು. "ಅರ್ಜಿ ಸಾಬ್ರು ಭಾಳ ಚಲೋ ಬರೀತಿದ್ರು. ಅವರು ಬರದ ಅರ್ಜಿ ವಾಪಸ್ ಬಂದಿದ್ದು ನಾ ಕಂಡಿಲ್ಲ" ಅಂದ ಒಬ್ಬ. "ಮಾತು ಮಾತ್ರ ಕಡಿಮಿ" ಅಂದ ಇನ್ನೊಬ್ಬ. ತಹಶೀಲ ಕಚೇರಿಯ ಮುಂದೆ ಬೇವಿನ ಗಿಡದ ಕೆಳಗೆ ಚಾಪೆ ಹಾಸಿ ಕೂತು ರೈತರ ಅರ್ಜಿ ಬರೆದುಕೊಟ್ಟವರು ಅಂತಲೇ ಆ ಊರು ಅವರನ್ನು ಬಲ್ಲದು. ಅದಕ್ಕೆ ಮೊದಲು ಅವರು ಮಾಸ್ತರರನ್ನು ತಯಾರು ಮಾಡುವ ಮಾಸ್ತರಾಗಿದ್ದರು, ಅದಕ್ಕೂ ಮೊದಲು ಹೈದರಾಬಾದಿನ ಒಂದು ಕಾಲೇಜಿನಲ್ಲಿ ಬಿ.ಎ. ಹುಡುಗರಿಗೆ ತರ್ಕಶಾಸ್ತ್ರ ಕಲಿಸುತ್ತಿದ್ದರು ಎಂದರೆ ಅಲ್ಲಿ ಯಾರೂ ನಂಬುತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ಹೇಳಲು ಹೊರಟರೆ ಮಸ್ಕಿಯಲ್ಲಿ ಅವರು ಹಾಕಿದ ಸೊನ್ನೆಯ ತನಕ ಹೇಳಬೇಕಾಗುತ್ತಿತ್ತು. ಮಣ್ಣು ಕೊಟ್ಟ ದಿನ ಅದನ್ನು ಎತ್ತುವುದು ನನಗೆ ಆಗಲಿಲ್ಲ.

ಮಸ್ಕಿಯ ಆ ಸಂಗತಿ ನಡೆದಾಗ ಇನ್ನೂ ನಿಜಾಮನ ಆಳಿಕೆಯೇ ಇತ್ತು. ಈಗ ಆ ಆಳಿಕೆಯೂ ಇಲ್ಲ, ಅವರ ಜೊತೆಯವರೂ ಇಲ್ಲ. ಆದರೂ ಅವರ ಹೆಸರು ಬರೆಯುವುದಿಲ್ಲ. ಮಕ್ಕಳು ಮೊಮ್ಮಕ್ಕಳು ಅದೇ ಊರಿನಲ್ಲಿದ್ದಾರೆ. ನಾವು ಅವರನ್ನು ಉಸ್ತಾದರು ಅನ್ನುತ್ತಿದ್ದೆವು, ಇಲ್ಲಿಯೂ ಹಾಗೆಯೇ ಅನ್ನುತ್ತೇನೆ.

ಎತ್ತರದ ಆಳು, ಮೈಮೇಲೆ ಮಾಂಸ ಕಡಿಮೆ. ಕುಚ್ಚಿನ ಕೆಂಪು ಟೊಪ್ಪಿಗೆ, ಕಪ್ಪು ಶೇರವಾನಿ. ಆ ಶೇರವಾನಿಯ ಗುಂಡಿಗಳಲ್ಲಿ ಒಂದು ಬಿಳಿಯದು. ಉದುರಿದ ಜಾಗಕ್ಕೆ ತಾವೇ ಹೊಲಿದುಕೊಂಡದ್ದು. ಹುಟ್ಟಿದ್ದು ಸಿಂಧನೂರಿನಲ್ಲಿ, ಮನೆಯೊಳಗೆ ಉರ್ದು, ಹೊಸ್ತಿಲು ದಾಟಿದರೆ ಕನ್ನಡ. "ಜಗಳ ಉರ್ದುದಾಗ ಚಂದ, ಲೆಕ್ಕ ಕನ್ನಡದಾಗ ಚಂದ" ಅನ್ನುವರು. ಸುಳ್ಳಲ್ಲ. ದೊಡ್ಡ ಅಧಿಕಾರಿಗಳ ಜೊತೆ ಅವರು ಆಡಿದ ಜಗಳಗಳನ್ನು ಬಾಗಿಲ ಹೊರಗೆ ನಿಂತು ಕೇಳಿದ್ದೇನೆ. ಮುಕ್ಕಾಲು ಪಾಲು ತಿಳಿಯದಿದ್ದರೂ ಕೇಳಲು ಸೊಗಸಾಗಿರುತ್ತಿದ್ದವು.

ಅವರ ಒಂದು ಚಾಳಿಯನ್ನು ನಾವೆಲ್ಲ ಅಣಕಿಸುತ್ತಿದ್ದೆವು. ಪ್ರಶ್ನೆ ಕೇಳಿದೊಡನೆ ತಿರುಗಿ ಬೆನ್ನು ಕೊಟ್ಟು ನಿಂತುಬಿಡುತ್ತಿದ್ದರು. ಗೋಡೆ ಇದ್ದರೆ ಗೋಡೆ, ಕಿಟಕಿ ಇದ್ದರೆ ಕಿಟಕಿ, ಅತ್ತಲೇ ಅವರ ಕಣ್ಣು. ಉತ್ತರ ಪೂರ್ತಿ ಮುಗಿಯುವ ತನಕ ಈ ಕಡೆ ನೋಡರು. ಮೊದಲ ದಿನ ನಮಗೆ ಇದು ಅವಮಾನ ಮಾಡಿದಂತೆ ಕಂಡಿತ್ತು. ಒಬ್ಬ ಧೈರ್ಯ ಮಾಡಿ ಕೇಳಿದ. "ಮುಖಾ ಎದುರಿಗಿಟ್ರ ನೀವು ಪಾಠ ನೆನಪು ಮಾಡ್ಕೊಳ್ಳಂಗಿಲ್ಲ, ನನ್ನ ಹುಬ್ಬು ಓದ್ತೀರಿ" ಅಂದರು. "ನಾನೂ ಅಷ್ಟs. ಗೌಡರ ಮಗ ತಪ್ಪು ಹೇಳಿದ್ರ ಪಾಪ ಅಂಜ್ಯಾನ ಅನ್ನಿಸ್ತದ, ಬಡವರ ಮಗ ತಪ್ಪು ಹೇಳಿದ್ರ ದಡ್ಡ ಅನ್ನಿಸ್ತದ. ಮುಖಾ ನೋಡಿ ಮಣಿ ಹಾಕೋದು ಮದುವಿ ಮನ್ಯಾಗ ಇರ್ಲಿ, ಇಲ್ಲಿ ಬ್ಯಾಡ."

ಅವರು ಕಾಲೇಜು ಬಿಟ್ಟು ಲಿಂಗಸುಗೂರಿಗೆ ಬಂದ ಕಥೆಯೂ ಇಂಥದೇ. ಒಂದು ವರ್ಷ ಬಿ.ಎ. ಉತ್ತರ ಪತ್ರಿಕೆಗಳನ್ನು ತಿದ್ದುವಾಗ ಒಂದು ಪತ್ರಿಕೆಗೆ ಬೆಳಿಗ್ಗೆ ಬೇರೆ ಹಾಳೆಯಲ್ಲಿ ನಂಬರು ಹಾಕಿ, ಮರೆತು, ಮನೆಯಲ್ಲಿ ಯಾವುದೋ ಜಗಳವಾದ ಮೇಲೆ ಸಂಜೆ ಮತ್ತೆ ಅದಕ್ಕೇ ಹಾಕಿದ್ದರಂತೆ. ಬೆಳಿಗ್ಗೆ ಪಾಸಾಗಿದ್ದ ಹುಡುಗ ಸಂಜೆ ನಪಾಸಾಗಿದ್ದ. ಬೇರೆಯವರಾಗಿದ್ದರೆ ಒಂದನ್ನು ಹೊಡೆದುಹಾಕಿ ಸುಮ್ಮನಾಗುತ್ತಿದ್ದರು. ಇವರು ಅದೇ ಉತ್ತರವನ್ನು ಒಂದು ಸಲ ಚಂದದ ಅಕ್ಷರದಲ್ಲಿ, ಇನ್ನೊಂದು ಸಲ ಕೋಳಿ ಕೆದರಿದ ಅಕ್ಷರದಲ್ಲಿ ಬರೆಸಿ ಜೊತೆಯ ಪ್ರೊಫೆಸರರಿಗೆ ಗುಟ್ಟಾಗಿ ಹಂಚಿದರು. ಚಂದದ್ದು ಪಾಸು, ಕೆದರಿದ್ದು ನಪಾಸು. ಇದನ್ನು ಕಾಲೇಜಿನ ಸಭೆಯಲ್ಲಿ ಎಲ್ಲರೆದುರು ಓದಿದರು. "ಇಷ್ಟು ವರ್ಷ ನಾವು ತಿದ್ದಿದ್ದು ಏನನ್ನ?" ಅಂತ ಕೇಳಿದರಂತೆ. ಕೇಳಿ ಬೆನ್ನು ತಿರುಗಿಸಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಉತ್ತರ ಮಾತ್ರ ಬೇಗ ಬಂತು. ಲಿಂಗಸುಗೂರಿಗೆ ಬದಲಿಯ ಹುಕುಂ.

ಲಿಂಗಸುಗೂರಿನಲ್ಲಿ ಆಗ ಮಾಸ್ತರರ ತರಬೇತಿಗೆಂದು ಒಂದು ವರ್ಗ ನಡೆಯುತ್ತಿತ್ತು. ಶಾಲೆ ಮುಗಿಸಿದವರು ಒಂದು ವರ್ಷ ಓದಿ ಪಾಸಾದರೆ ಸರ್ಕಾರಿ ಮಾಸ್ತರು. ನಾನು ಮುಕ್ಕುಂದದಿಂದ ಬಂದು ಅಲ್ಲಿ ಸೇರಿದ್ದೆ. ನದಿ ದಂಡೆಯ ಒಕ್ಕಲು ಮನೆಯ ಕೊನೆಯ ಮಗ. ಹೊಲದಲ್ಲಿ ನನ್ನ ಕೈ ನಡೆಯದು ಎಂದು ಅಪ್ಪ ಖಾತ್ರಿ ಮಾಡಿಕೊಂಡ ಮೇಲೆ ಕಳಿಸಿದ್ದ. ಕಲಿಸಬೇಕಾದ ಮಕ್ಕಳು ಕನ್ನಡದವರು, ನಾವು ಕನ್ನಡದವರು, ಪರೀಕ್ಷೆಯ ಪತ್ರಿಕೆ ಮಾತ್ರ ಉರ್ದುವಿನಲ್ಲಿ. ಅದನ್ನು ನಾವು ಗಿಣಿಯ ಹಾಗೆ ಬಾಯಿಪಾಠ ಮಾಡುತ್ತಿದ್ದೆವು. ಅದರ ಜೊತೆಗೆ ಮೊಹತಮೀಮ್ ಸಾಹೇಬರ ಮುಂದೆ ಒಂದು ನಮೂನೆ ಪಾಠ. ಸಾಹೇಬರೆಂದರೆ ಜಿಲ್ಲೆಯ ಶಾಲೆಗಳನ್ನೆಲ್ಲ ತಪಾಸಣೆ ಮಾಡುವ ದೊಡ್ಡ ಅಧಿಕಾರಿ.

ಈ ನಮೂನೆ ಪಾಠ ಒಂದು ಬಯಲಾಟವೇ. ಹದಿನೈದು ದಿನ ಮೊದಲೇ ಮಕ್ಕಳಿಗೆ ಪ್ರಶ್ನೆ, ಉತ್ತರ ಎರಡನ್ನೂ ತಿನ್ನಿಸಿರುತ್ತಿದ್ದರು. ಚುರುಕಿನವರು ಮುಂದಿನ ಸಾಲಿಗೆ. ಮಂದ ಇದ್ದವರಿಗೆ ಅವತ್ತು ಮನೆಯಲ್ಲೇ ಇರುವಂತೆ ತಾಕೀತು. ಉಸ್ತಾದರು ಬಂದ ಹೊಸದರಲ್ಲಿ ಒಬ್ಬ ಅಭ್ಯರ್ಥಿ ನದಿಗಳ ಪಾಠ ಮಾಡಿದನಂತೆ. ಸಾಹೇಬರಿಗೆ ಏನು ಹುಕಿ ಬಂತೋ, ಮುಂದಿನ ಸಾಲಿನ ಹುಡುಗನಿಗೆ ತಾವೇ ಮೊದಲು, "ನಿನ್ನ ಹೆಸರೇನು?" ಅಂತ ಕೇಳಿಬಿಟ್ಟರು. ಹುಡುಗ ಎದ್ದು ಕೈಕಟ್ಟಿ, "ತುಂಗಭದ್ರಾ, ಸಾಬ್" ಅಂದ. ಮೊದಲ ಪ್ರಶ್ನೆಗೆ ಅದೇ ಉತ್ತರ ಎಂದು ಅವನಿಗೆ ಕಲಿಸಿದ್ದರು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು, ಅಭ್ಯರ್ಥಿಯನ್ನು ಪಾಸು ಮಾಡಿದರು. ಉಸ್ತಾದರು ನಗಲಿಲ್ಲ.

"ಅಡಗಿ ಹ್ಯಾಂಗಾಗೈತಿ ಅಂತ ಅಡಗಿ ಮಾಡಿದಾಕಿನ್ನ ಕೇಳ್ತಾರೇನು? ಉಂಡವರನ್ನ ಕೇಳಬೇಕು. ಅದೂ ಎಲಿ ಮುಂದ ಕುಂತಾಗಲ್ಲ, ಮರುದಿನ ಕೇಳಬೇಕು" ಎನ್ನುತ್ತಿದ್ದರು. ಅವರ ವಿಚಾರ ಇಷ್ಟೇ. ಅಭ್ಯರ್ಥಿ ಕಂಡು ಕೇಳರಿಯದ ಊರಿನ ಶಾಲೆಗೆ ಹೋಗಬೇಕು, ಒಂದು ದಿನ ಕನ್ನಡದಲ್ಲಿ ಪಾಠ ಮಾಡಬೇಕು, ತಿರುಗಿ ಬರಬೇಕು. ವಾರ ಬಿಟ್ಟು ಉಸ್ತಾದರೇ ಅಲ್ಲಿಗೆ ಹೋಗಿ ಮಕ್ಕಳನ್ನು ಕೇಳಬೇಕು. ಮಕ್ಕಳ ತಲೆಯಲ್ಲಿ ಉಳಿದದ್ದೆಷ್ಟೋ ಅಷ್ಟು ನಂಬರು. ಉರ್ದು ಪತ್ರಿಕೆ ಬೇಡ.

ಇದಕ್ಕಾಗಿ ಅವರು ವರ್ಷಗಟ್ಟಲೆ ಜಗಳಾಡಿದರು. ಕೊನೆಗೆ ನಮ್ಮ ತಂಡದ ವರ್ಷ ಮೊಹತಮೀಮರು ಒಪ್ಪಿದರು. ಒಪ್ಪಿದ್ದು ಪ್ರೀತಿಯಿಂದಲ್ಲ, ಬೇಸತ್ತು. ಒಂದು ಷರತ್ತು ಹಾಕಿದರು. ಮಕ್ಕಳ ಬಾಯಿಂದ ಬಂದದ್ದಕ್ಕೆ ಮಾತ್ರ ನಂಬರು. ಕರುಣೆಗಾಗಲಿ ಶಿಫಾರಸಿಗಾಗಲಿ ಯಾರಿಗಾದರೂ ಒಂದೇ ನಂಬರು ಬಿದ್ದರೂ ಎಲ್ಲರ ಪರೀಕ್ಷೆ ರದ್ದು, ಎಲ್ಲರೂ ಮತ್ತೆ ಉರ್ದು ಪತ್ರಿಕೆ ಬರೆಯಬೇಕು. ಉಸ್ತಾದರು ಖುಷಿಯಿಂದ ಸಹಿ ಹಾಕಿ ಬಂದರು. ಅದು ಅವರದೇ ಮಾತಾಗಿತ್ತಲ್ಲ. ಉರ್ದು ಪತ್ರಿಕೆ ಎಂದರೆ ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮುಳುಗುತ್ತಿದ್ದೆವು. ಹೀಗಾಗಿ ನಾವೂ ಕುಣಿದಾಡಿದೆವು.

ಆ ತಂಡದಲ್ಲಿ ದುರುಗಪ್ಪನಿದ್ದ. ಗುರುಗುಂಟಾದ ಹೊಲಗೇರಿಯವನು. ಅವನ ಸೋದರಮಾವ ಲಿಂಗಸುಗೂರಿನ ದಂಡಿನ ಛಾವಣಿಯಲ್ಲಿ ಒಬ್ಬ ಪಿಂಚಣಿ ಸಿಪಾಯಿಯ ಮನೆಗೆಲಸಕ್ಕಿದ್ದ. ಮಕ್ಕಳಿಲ್ಲದ ಆ ಮುದುಕ ಇವನಿಗೆ ಅಕ್ಷರ ಕಲಿಸಿ, ಶಾಲೆಗೆ ಸೇರಿಸಿ, ಬೆನ್ನು ಹತ್ತಿ ಓದಿಸಿದ್ದ. ವರ್ಗದ ಮೊದಲ ದಿನ ದುರುಗಪ್ಪ ಬಾಗಿಲ ಹೊರಗೆ ಕೂತ. ಉಸ್ತಾದರು ತಮ್ಮ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಬಾಗಿಲ ಹೊರಗೆ ಹಾಕಿಕೊಂಡು ಅಲ್ಲಿಂದಲೇ ಪಾಠ ಶುರು ಮಾಡಿದರು. ನಮಗೆ ಅರ್ಧ ಕೇಳಿಸಲಿಲ್ಲ. ಮರುದಿನ ನಾವೇ ಅವನನ್ನು ಒಳಗೆ ಕರೆದೆವು. ಇಬ್ಬರು ಮೂಗು ಮುರಿದು ಸ್ವಲ್ಪ ದಿನ ಬರಲಿಲ್ಲ, ಆಮೇಲೆ ಬಂದರು.

ದುರುಗಪ್ಪ ನಮಗಿಂತ ಚಲೋ ಕಲಿಸುತ್ತಿದ್ದ. ಇದನ್ನು ಹೇಳಲು ಆಗ ನಮಗೆ ಹೊಟ್ಟೆಕಿಚ್ಚಿತ್ತು, ಈಗಿಲ್ಲ. ಆದರೆ ಅವನಿಗೆ ಈ ಪರೀಕ್ಷೆ ನಮ್ಮ ಹಾಗೆ ಬರೀ ನೌಕರಿಯ ಮಾತಾಗಿರಲಿಲ್ಲ. ಅವರ ಮನೆಗೆ ಬಿಟ್ಟಿ ಇತ್ತು. ಊರಿಗೆ ಅಧಿಕಾರಿ ಬಂದರೆ ಸಾಮಾನು ಹೊರಬೇಕು, ಸೌದೆ ಒಡೆಯಬೇಕು, ಕೂಲಿ ಕೇಳುವಂತಿಲ್ಲ. ಅಪ್ಪನಿಗೆ ಮೊಣಕಾಲು ಹೋಗಿತ್ತು. ಊರಿನ ಕಂದಾಯ ನೋಡುವ ಮಾಲಿಪಾಟೀಲರು ದುರುಗಪ್ಪನನ್ನು ಕರೆದು ಸ್ಪಷ್ಟವಾಗಿ ಹೇಳಿದ್ದರು. "ಸರ್ಕಾರಿ ಮಾಸ್ತರ ಆದ್ರ ನಿನ್ನ ಗೊಡವಿಗೆ ನಾವು ಬರಂಗಿಲ್ಲ. ಆಗಲಿಲ್ಲಂದ್ರ ನಿಮ್ಮಪ್ಪನ ಪಾಳಿ ನಿಂದು." ಇದನ್ನು ದುರುಗಪ್ಪ ನಮಗೆ ನಗುತ್ತಲೇ ಹೇಳಿದ್ದ. ಹೇಳಿ ಮುಗಿಸಿ ಪುಸ್ತಕ ತೆಗೆದ.

ಅವನ ಪಾಲಿಗೆ ಬಂದ ಊರು ಮಸ್ಕಿ. ನನ್ನದೂ ಮಸ್ಕಿಯೇ. ಒಂದೇ ದಿನ, ನನ್ನದು ಬೆಳಿಗ್ಗೆ, ಅವನದು ಮಧ್ಯಾಹ್ನದ ಮೇಲೆ. ಆಗ ಅಲ್ಲಿಯ ಶಾಲೆ ನಡೆಯುತ್ತಿದ್ದುದು ಹನುಮಪ್ಪನ ಗುಡಿಯ ಪೌಳಿಯಲ್ಲಿ. ನಾನು ಒಳಗೆ ಕಂಬಕ್ಕೆ ಆನಿಸಿ ನಕಾಶೆ ಹಾಕಿಕೊಂಡು ಊರು, ತಾಲೂಕು, ಜಿಲ್ಲೆ ಎಂದು ಪಾಠ ಒಪ್ಪಿಸಿದೆ. ಮಕ್ಕಳು ಆಕಳಿಸಿದರು. ದುರುಗಪ್ಪ ಬಂದಾಗ ಹೆಡ್ ಮಾಸ್ತರು ಗುಡಿಯ ಮೆಟ್ಟಿಲ ಹತ್ತಿರ ಅಡ್ಡ ಬಂದು, "ನೀ ಒಳಗ ಬರೂದು ಆಗಂಗಿಲ್ಲಪಾ" ಅಂದರು. ಕೆಟ್ಟ ಮನುಷ್ಯರಲ್ಲ ಅವರು, ಅಂಜುಬುರುಕರು. "ಹುಡುಗ್ರನ್ನs ಹೊರಗ ಕಳಸ್ತೀನಿ. ಬಯಲಾಗ ಹೇಳು."

ಹೊರಗೆ ಬಿಸಿಲು. ದುರುಗಪ್ಪ ತಯಾರು ಮಾಡಿಕೊಂಡು ಬಂದ ಪಾಠ ಬೇರೆಯದು, ಅದಕ್ಕೆ ಹಲಗೆ ಬೇಕಿತ್ತು. ಹಲಗೆ ಗುಡಿಯೊಳಗಿತ್ತು. ಅವನು ಸುತ್ತ ಕಣ್ಣಾಡಿಸಿದ. ಆಮೇಲೆ ಎದುರಿಗಿದ್ದ ಹುಣಸೆ ಗಿಡ ತೋರಿಸಿ ಮಕ್ಕಳನ್ನು ಕೇಳಿದ. "ಈ ಗಿಡ ಎಷ್ಟ ಎತ್ತರ ಐತಿ, ಏರದs ಹೇಳ್ತೀರೇನು?"

ಮಕ್ಕಳು ಬಾಯಿಗೆ ಬಂದದ್ದು ಹೇಳಿದರು. ಅವನು ಒಂದು ಹಗ್ಗದ ತುದಿಯನ್ನು ಕಾಲಡಿ ಮೆಟ್ಟಿ, ತಲೆಯ ತನಕ ಎಳೆದು, ತನ್ನ ಎತ್ತರಕ್ಕೆ ಗಂಟು ಹಾಕಿದ. ಹಗ್ಗವನ್ನು ಯಾರ ಕೈಗೂ ಕೊಡಲಿಲ್ಲ, ನೆಲದ ಮೇಲಿಟ್ಟು ಹಿಂದೆ ಸರಿದ, ಮಕ್ಕಳು ಎತ್ತಿಕೊಂಡರು. "ನಾ ಇಲ್ಲಿ ನಿಂದರ್ತೀನಿ. ನನ್ನ ನೆರಳು ಈ ಹಗ್ಗದಷ್ಟs ಆದಾಗ ಕೂಗ್ರಿ. ನನ್ನ ನೆರಳು ನನ್ನಷ್ಟs ಉದ್ದ ಆದಾಗ ಗಿಡದ ನೆರಳೂ ಗಿಡದಷ್ಟs ಉದ್ದ ಆಗಿರ್ತದ. ಅದನ್ನ ಅಳದ್ರ ಮುಗೀತು." ಮಕ್ಕಳು ಅವನ ನೆರಳಿನ ಮೇಲೆ ಹಗ್ಗ ಹಾಸಿ ಕುಕ್ಕರುಗಾಲಲ್ಲಿ ಕೂತು ಕಾದರು. ಹೊತ್ತು ಇಳಿಯುತ್ತ ನೆರಳು ಬೆಳೆದು ಗಂಟಿಗೆ ಬಂತು. ಕೂಗಿದರು. ಓಡಿ ಹೋಗಿ ಗಿಡದ ನೆರಳು ಅಳೆದರು. ಆಮೇಲೆ ಗುಡಿಯ ಮುಂದಿನ ಕಂಬ, ಬಂಡಿಯ ಮೂಕಿ, ಹೆಡ್ ಮಾಸ್ತರರನ್ನೂ ಬಿಡಲಿಲ್ಲ. ಎಣ್ಣೆ ಅಂಗಡಿಯವರ ಮಗಳು ನೀಲವ್ವ ಎಂಬ ಹುಡುಗಿಯಂತೂ ದುರುಗಪ್ಪನ ಹಿಂದೆ ಮುಂದೆ ತಿರುಗಿ ಪ್ರಶ್ನೆ ಕೇಳಿದ್ದೇ ಕೇಳಿದ್ದು. ನಾನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಅಷ್ಟು ಒಳ್ಳೆಯ ಪಾಠವನ್ನು ಆಮೇಲೆ ನಾನು ಎಲ್ಲಿಯೂ ನೋಡಿಲ್ಲ, ನಾನಂತೂ ಮಾಡಿಲ್ಲ.

ಮುಟ್ಟದ ಹಾಗೆ ಎಲ್ಲ ಎಚ್ಚರ ವಹಿಸಿದ್ದ ದುರುಗಪ್ಪ. ನೆರಳನ್ನು ಮರೆತಿದ್ದ.

ವಾರ ಕಳೆದ ಮೇಲೆ ಉಸ್ತಾದರು ಮಸ್ಕಿಗೆ ಹೊರಟರು. ನಾನು ಊರಿಗೆ ಹೋಗುವವನಿದ್ದೆ, ಮಸ್ಕಿಯ ತನಕ ಅವರ ಚಕ್ಕಡಿಯಲ್ಲೇ ಬಾ ಅಂದರು. ಗುಡಿಯ ಮುಂದೆ ಇಳಿದಾಗ ಕಟ್ಟೆಯ ಮೇಲೆ ಊರಿನ ಹಿರಿಯರು ಮೂರು ನಾಲ್ಕು ಮಂದಿ ಬಂದು ಕೂತಿದ್ದರು. ಪರೀಕ್ಷೆ ನೋಡಲು ಬಂದೆವು ಅಂದರು. ಮಕ್ಕಳನ್ನು ಹೊರಗೆ ಸಾಲಾಗಿ ಕೂಡಿಸಿದ್ದರು. ಉಸ್ತಾದರು ಮೊದಲು ನನ್ನ ಪಾಠ ಕೇಳಿದರು. ಮಕ್ಕಳಿಗೆ ಅರ್ಧಂಬರ್ಧ ನೆನಪಿತ್ತು, ಹೇಳಿದರು. ಆಮೇಲೆ, "ಆ ಹುಣಸಿ ಗಿಡದ ಎತ್ತರ ಏರದs ಹ್ಯಾಂಗ ತಿಳ್ಕೊಂತೀರಿ?" ಅಂತ ಕೇಳಿ, ವಾಡಿಕೆಯಂತೆ ತಿರುಗಿ ಗುಡ್ಡದ ಕಡೆ ಮುಖ ಮಾಡಿ ನಿಂತರು.

ಯಾರೂ ಮಾತಾಡಲಿಲ್ಲ. ಉಸ್ತಾದರು ಕಾದರು. ಮತ್ತೆ ಬೇರೆ ರೀತಿಯಲ್ಲಿ ಕೇಳಿದರು. "ಹಗ್ಗ ಯಾಕ ಬೇಕಾತು? ಯಾವಾಗ ಅಳದ್ರಿ?" ಮಕ್ಕಳು ತಲೆ ತಗ್ಗಿಸಿ ಮಣ್ಣಿನಲ್ಲಿ ಬೆರಳಾಡಿಸಿದರು. ನಾನು ಪಕ್ಕದಲ್ಲಿದ್ದೆ, ನನಗೆ ಮುಖಗಳು ಕಾಣುತ್ತಿದ್ದವು. ನೀಲವ್ವನ ತುಟಿ ಅಲ್ಲಾಡಿತು. ಕಟ್ಟೆಯ ಮೇಲಿಂದ ಯಾರೋ ಕೆಮ್ಮಿದರು. ತುಟಿ ನಿಂತಿತು. ಉಸ್ತಾದರು ಇದ್ಯಾವುದನ್ನೂ ನೋಡಲಿಲ್ಲ, ಅವರ ಬೆನ್ನು ನಮ್ಮ ಕಡೆಗಿತ್ತು. ಬಹಳ ಹೊತ್ತು ಹಾಗೆಯೇ ನಿಂತಿದ್ದರು. ಆಮೇಲೆ ತಿರುಗಿ, "ಆತು, ಏಳ್ರಿ" ಅಂದರು.

ನಾನು ಅಲ್ಲಿ ಉಳಿಯಲಿಲ್ಲ, ಸಿಂಧನೂರಿನ ದಾರಿಗೆ ಕೂಡುವ ತನಕ ಉಸ್ತಾದರ ಜೊತೆ ಚಕ್ಕಡಿಯಲ್ಲೇ ಬಂದೆ. ಅಲ್ಲಿಂದ ಚಕ್ಕಡಿ ಲಿಂಗಸುಗೂರಿಗೆ ಹಿಂದಿರುಗುವುದಿತ್ತು. ಹೊಡೆಯುವವನು ಮಸ್ಕಿಯವನೇ. ಅವನೇ ಬಾಯಿ ಬಿಟ್ಟ.

"ಹೇಳಬ್ಯಾಡ್ರಂತ ಆಣಿ ಮಾಡಿಸ್ಯಾರ್ರೀ ಹುಡುಗ್ರ ಕಡೆ. ಅವತ್ತು ಸಂಜಿಗೆ ಹುಡುಗ್ರು ಮನ್ಯಾಗ ಅಪ್ಪನ ನೆರಳು, ಎಮ್ಮಿ ನೆರಳು, ಕಂಡಿದ್ದೆಲ್ಲಾ ಅಳಿಯಾಕ ಹತ್ತಿದ್ವು. ಇದನ್ಯಾರು ಕಲಿಸ್ಯಾರ ಅಂತ ಕೇಳಿದ್ರು. ಗುರುಗುಂಟಿ ಮಾಸ್ತರ್ರು, ಅವರ ನೆರಳ ಮ್ಯಾಲ ಕುಂತು ಅಳದ್ವಿ ಅಂದ್ವು. ಹೊಲ್ಯಾನ ನೆರಳು ತುಳದು ಒಳಗ ಬಂದ್ರಿ ಅಂತ ಬಡದು, ತಲೀಮ್ಯಾಲ ನೀರು ಹೊಯ್ದು, ಆ ಪಾಠ ಮತ್ತ ಬಾಯಾಗ ಬಂದ್ರ ನಾಲಿಗಿ ಸುಡ್ತೀವಿ ಅಂದಾರ."

ಉಸ್ತಾದರು ಎತ್ತುಗಳ ಬೆನ್ನನ್ನೇ ನೋಡುತ್ತಿದ್ದರು. ನಾನು ತಡೆಯಲಾರದೆ, "ಹುಡುಗ್ರಿಗೆ ಬರ್ತದ್ರೀ ಉಸ್ತಾದ್. ನಾ ನೋಡಿದೆ, ಆ ಹುಡುಗಿ ತುಟಿ ಅಲ್ಲಾಡಿದ್ವು" ಅಂದೆ.

"ಧ್ವನಿ ಬರಲಿಲ್ಲಲ್ಲ."

"ಮುಖಾ ನೋಡಿದ್ರs ತಿಳೀತಿತ್ರೀ."

"ಮುಖಾ ನೋಡಿ ನಂಬರ ಹಾಕೂದು ಬಿಡ್ರಿ ಅಂತ ಇಷ್ಟು ವರ್ಷ ಮಂದಿ ಕೂಡ ಜಗಳಾಡೀನಿ. ಈಗ ನಾನs ತುಟಿ ನೋಡಿ, ಚಕ್ಕಡಿಯವನ ಮಾತು ಕೇಳಿ ಹಾಕ್ಲಿ? ಹಾಕಿದ್ರ ನಿಮ್ಮೆಲ್ಲಾರ ಪರೀಕ್ಷಾ ಹೋಗ್ತದ. ಉರ್ದು ಪತ್ರಿಕಾ ಬರೀತೀಯೇನು ನೀ?"

ಬರೆಯುವ ತಾಕತ್ತು ನನಗಿರಲಿಲ್ಲ, ಅದು ಅವರಿಗೂ ಗೊತ್ತಿತ್ತು. ಅವರು ದುರುಗಪ್ಪನಿಗೆ ಸೊನ್ನೆ ಹಾಕಿದರು. ಸೊನ್ನೆ ಹಾಕಿ, ಬೇರೆ ಊರಿನಲ್ಲಿ ಅವನ ಪಾಠ ಮತ್ತೊಮ್ಮೆ ನಡೆಸಲು ಅಪ್ಪಣೆ ಕೊಡಬೇಕು ಎಂದು ಕೇಳಲು ತಾವೇ ಮೊಹತಮೀಮರ ಹತ್ತಿರ ಹೋದರು. ದುರುಗಪ್ಪನನ್ನೂ ಕರೆದುಕೊಂಡು ಹೋಗಿದ್ದರು. ಸಾಹೇಬರು ಪೂರ್ತಿ ಕೇಳಿಸಿಕೊಂಡರಂತೆ. ಕೇಳಿ ಉರ್ದುವಿನಲ್ಲಿ, "ಸರಿ, ಇವನ ನೆರಳನ್ನು ತುಳಿಯಲು ಮಕ್ಕಳನ್ನು ಬಿಡುವ ಊರು ಈ ಜಿಲ್ಲೆಯಲ್ಲಿ ಯಾವುದಿದೆ ಹೇಳಿ, ಅಲ್ಲಿಗೇ ಕಳಿಸೋಣ" ಅಂದರು. ದುರುಗಪ್ಪ ಕೈಮುಗಿದು, ನಮ್ಮ ಕೇರಿಯ ಹುಡುಗರಿಗೆ ಕಲಿಸುತ್ತೇನೆ, ಅವರನ್ನು ಕೇಳಿ ಅಂದ. "ನಿಮ್ಮ ಕೇರಿಯಲ್ಲಿ ಶಾಲೆಯಿಲ್ಲ. ಶಾಲೆಯಿಲ್ಲದ ಕಡೆ ಪರೀಕ್ಷೆ ಮಾಡಿದರೆ ನನ್ನನ್ನು ಕೇಳುವವರಿದ್ದಾರೆ" ಅಂದರು ಸಾಹೇಬರು. ಆಮೇಲೆ ಉಸ್ತಾದರಿಗೆ ಒಂದೇ ಮಾತು. "ಕಾನೂನು ನಿಮ್ಮದು, ನನ್ನದಲ್ಲ."

ನಾವೆಲ್ಲ ಪಾಸಾದೆವು. ದುರುಗಪ್ಪನೊಬ್ಬ ನಪಾಸು. ಫಲಿತಾಂಶ ಓದಿದ ದಿನ ಅವನು ಎಲ್ಲರಿಗೂ ಶರಣು ಹೇಳಿ, ಉಸ್ತಾದರ ಕಾಲು ಮುಟ್ಟಲು ಬಗ್ಗಿದ. ಅವರು ಹಿಂದೆ ಸರಿದರು. ಮುಟ್ಟಬಾರದೆಂದು ಅಲ್ಲ, ನಾಚಿಕೆಯಿಂದ. ಅವನಿಗೆ ಹಾಗೆ ತಿಳಿಯಿತೋ ಇಲ್ಲವೋ. ನೆಟ್ಟಗೆ ನಿಂತು, "ಬರ್ತೀನ್ರೀ ಉಸ್ತಾದ್" ಅಂದು ಹೋದ.

ನನ್ನನ್ನು ಯಾರಾದರೂ ಕೇಳಿದರೆ ನಾನು ಈಗಲೂ ಎರಡು ಮಾತು ಹೇಳುತ್ತೇನೆ, ಎರಡೂ ಕೂಡಿ ಬರುವುದಿಲ್ಲ. ಅವರಷ್ಟು ಪ್ರಾಮಾಣಿಕ ಮನುಷ್ಯನನ್ನು ನಾನು ಕಂಡಿಲ್ಲ, ಅವರನ್ನು ನೆನೆದರೆ ಈಗಲೂ ಪ್ರೀತಿ ಉಕ್ಕುತ್ತದೆ. ಆ ಸೊನ್ನೆಯನ್ನು ಮಾತ್ರ ನಾನು ಕ್ಷಮಿಸಿಲ್ಲ. ನಮ್ಮನ್ನು ಉಳಿಸಲು ಹಾಕಿದ ಸೊನ್ನೆ ಅದು, ನಮ್ಮ ಅನ್ನಕ್ಕೆ ಅದೇ ದಾರಿಯಾಯಿತು, ಆದರೂ ಕ್ಷಮಿಸಿಲ್ಲ. ತಕ್ಕಡಿ ಸರಿಯಿದ್ದರೆ ಸಾಕು, ಸಂತೆ ಎಂಥದಾದರೂ ನಡೆದೀತು ಎಂದು ಅವರು ನಂಬಿದ್ದರು. ಸಂತೆಯವರು ತೂಕಕ್ಕೆ ಏನನ್ನು ಇಡಲು ಬಿಡುತ್ತಾರೆ ಎಂಬುದನ್ನು ನೋಡಲಿಲ್ಲ. ಇಷ್ಟೆಲ್ಲ ಮಾಡಿ ಉಳಿಸಿಕೊಂಡ ಕಾನೂನಾದರೂ ಉಳಿಯಿತೇ, ಅದೂ ಇಲ್ಲ. ಮುಂದಿನ ವರ್ಷವೇ ಮೊಹತಮೀಮರು ಹೊಸ ಪರೀಕ್ಷೆ ಸಾಕು ಅಂದರು. ಉರ್ದು ಪತ್ರಿಕೆ ಬಂತು, ತಿನ್ನಿಸಿದ ಮಕ್ಕಳು ಮುಂದಿನ ಸಾಲಿಗೆ ಬಂದರು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿ ಕೊಟ್ಟಂತೆ ಮಾಡಿ ಕಸಿದುಕೊಂಡ.

ಉಸ್ತಾದರನ್ನು ವರ್ಗದಿಂದ ತೆಗೆದು ಊರೂರು ತಿರುಗಿ ಶಾಲೆ ತಪಾಸಣೆ ಮಾಡುವ ಕೆಲಸಕ್ಕೆ ಹಾಕಿದರು. ಆ ಕೆಲಸದಲ್ಲಿ ಬಹಳ ದಿನ ಇರಲಿಲ್ಲ. ರಾಜೀನಾಮೆ ಕೊಟ್ಟು ಸಿಂಧನೂರಿಗೆ ಹೋಗಿ ಬೇವಿನ ಗಿಡದ ಕೆಳಗೆ ಕೂತರು. ಅಲ್ಲಿ ಅವರನ್ನು ನೋಡಲು ನಾನು ಆಗಾಗ ಹೋಗುತ್ತಿದ್ದೆ. ಚಹಾ ತರಿಸುವರು, ಮಳೆ ಬೆಳೆ ಕೇಳುವರು. ಒಮ್ಮೆ ಯಾರೋ ತಮ್ಮ ಮಗನನ್ನು ಕರೆತಂದು, ಕಾಲೇಜಿಗೆ ಕಳಿಸಬೇಕು, ಇವನಿಗೆ ಎಷ್ಟು ಬರುತ್ತದೆ ನೀವೇ ಪರೀಕ್ಷೆ ಮಾಡಿ ಹೇಳಿ ಅಂದರು. "ನನಗ ಅದು ಬರಂಗಿಲ್ಲ" ಅಂದರು ಉಸ್ತಾದರು, ಅರ್ಜಿಯ ಕಾಗದ ಮಡಚುತ್ತ. ದುರುಗಪ್ಪ ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಊರು ಬಿಟ್ಟು ಸೊಲ್ಲಾಪುರದ ಗಿರಣಿಗೆ ಹೋದನೆಂದು ಕೇಳಿದೆ. ಮುಂದಿನದು ಗೊತ್ತಾಗಲಿಲ್ಲ.

ಉಸ್ತಾದರು ರಾಜೀನಾಮೆ ಕೊಡುವ ಮುಂಚೆ ಕೊನೆಗೆ ತಪಾಸಣೆ ಮಾಡಿದ್ದು ನನ್ನ ಶಾಲೆಯನ್ನೇ. ನನ್ನನ್ನು ಹಾಕಿದ್ದು ಗುರುಗುಂಟಾಕ್ಕೆ. ಅಲ್ಲಿ ದುರುಗಪ್ಪ ದಿನಾ ಕಣ್ಣಿಗೆ ಬೀಳುತ್ತಿದ್ದ, ಮಾತು ಎರಡೇ. ಅವತ್ತು ಉಸ್ತಾದರು ಬರುತ್ತಾರೆಂದು ನಾನು ಮೋಟಾರು ನಿಲ್ಲುವ ಕಡೆ ಹೋಗಿದ್ದೆ. ಮಾಲಿಪಾಟೀಲರು ಸಾಮಾನು ಹೊರಲು ಬಿಟ್ಟಿ ಆಳನ್ನು ಕಳಿಸಿದ್ದರು. ದುರುಗಪ್ಪ ಬಂದು ನಿಂತಿದ್ದ.

ಉಸ್ತಾದರು ಇಳಿದರು. ಅವನನ್ನು ನೋಡಿದರು, ಗುರುತು ಹತ್ತಿತು. ಅವನು ಟ್ರಂಕು ಎತ್ತಿ ತಲೆಯ ಮೇಲಿಟ್ಟುಕೊಂಡ. "ಇಳಸೋ ದುರುಗಪ್ಪ, ನಾ ಹೊರ್ತೀನಿ" ಅಂದರು ಉಸ್ತಾದರು.

"ನೀವು ಹೊತ್ರ ಪಾಟೀಲ್ರು ನನ್ನ ಕೇಳ್ತಾರ್ರೀ, ನಿಮ್ಮನ್ನಲ್ಲ" ಅಂದ ಅವನು. ಸಿಟ್ಟಿನಿಂದಲ್ಲ. ನಡೆಯತೊಡಗಿದ.

ನಾವಿಬ್ಬರೂ ಅವನ ಹಿಂದೆ ನಡೆದೆವು. ಸ್ವಲ್ಪ ದೂರ ಹೋದ ಮೇಲೆ ಉಸ್ತಾದರು ಹೆಜ್ಜೆ ಜೋರು ಮಾಡಿ ಅವನ ಪಕ್ಕಕ್ಕೆ ಬಂದರು. "ನಿನ್ನೆ ಮಸ್ಕ್ಯಾಗ ಇದ್ದೆ. ಆ ನೀಲವ್ವ ದಾರ್ಯಾಗ ಸಿಕ್ಕಿದ್ಲು, ಒಬ್ಬಾಕಿನs ಇದ್ಲು. ನಾ ಕೇಳಲಿಲ್ಲ. ತಾನಾಗೇ ಹೇಳಿದ್ಲು. ಹಗ್ಗ, ಗಂಟು, ನೆರಳು, ಹುಣಸಿ ಗಿಡ, ಎಲ್ಲಾ ಹೇಳಿದ್ಲು. ಒಂದೂ ಬಿಡಲಿಲ್ಲ" ಅಂದರು.

ದುರುಗಪ್ಪ ಥಟ್ಟನೆ ನಿಂತ. ಟ್ರಂಕಿನ ಕೆಳಗಿಂದ ಅವನ ಮುಖ ಅರಳಿದ್ದು ನನಗೆ ಕಂಡಿತು. ಅವತ್ತಿನ ಬಯಲಿನಲ್ಲಿ ಹಗ್ಗ ಹಿಡಿದು ನಿಂತವನ ಮುಖವೇ ಅದು.

"ಹೌದೇನ್ರಿ? ಮತ್ತ ಆಕಿ ಅವತ್ತು ಒಂದು ಪ್ರಶ್ನೆ ಕೇಳಿದ್ಲು. ಮೋಡ ಆದಾಗ ನೆರಳs ಬೀಳಂಗಿಲ್ಲ, ಆವಾಗ ಹ್ಯಾಂಗ ಅಳಿಬೇಕ್ರಿ ಅಂದ್ಲು. ಹೊತ್ತಾಗಿತ್ರಿ, ಮುಂದ ಬಂದಾಗ ಹೇಳ್ತೀನವ್ವಾ ಅಂದಿದ್ದೆ."

"ನಾಳಿಗೆ ನಾ ಆ ದಾರೀಲೇ ಹೋಗ್ತೀನಿ. ಆಕೀಗೆ ನಾ ಹೇಳ್ತೀನಿ" ಅಂದರು ಉಸ್ತಾದರು. "ಏನಂತ ಹೇಳ್ಲಿ, ಹೇಳು."

ಕೇಳಿದ ಮೇಲೆ ಅವರು ಬೆನ್ನು ತಿರುಗಿಸಲಿಲ್ಲ, ಅವನ ಮುಖವನ್ನೇ ನೋಡುತ್ತ ನಿಂತರು. ದುರುಗಪ್ಪ ಟ್ರಂಕನ್ನು ಎರಡೂ ಕೈಯಿಂದ ಹಿಡಿದು ನೆನಪು ಮಾಡಿಕೊಳ್ಳಲು ನೋಡಿದ. ತುಟಿ ಅಲ್ಲಾಡಿದವು. ಅರಳಿದ್ದ ಮುಖ ಮೆಲ್ಲಗೆ ಆರಿತು.

"ಆವಾಗ ಬರ್ತಿತ್ರಿ. ಈಗ ನೆನಪಿಲ್ಲ" ಅಂದ. "ಟ್ರಂಕು ಎಲ್ಲಿ ಇಳಸ್ಲಿ?"